ಅಂಕ ಏರಿತು, ಕೈ ತೊಳೆದರೇ?

ಪ್ರಶ್ನೆ: ಒಂದು ಶಾಲೆಯಲ್ಲಿ ಮೂರು ವಾರ ಕೈ ತೊಳೆಯುವ ಬಗ್ಗೆ ಆರೋಗ್ಯ ಶಿಕ್ಷಣ ಕೊಟ್ಟೆವು. ಮೊದಲೂ ಆಮೇಲೂ ಒಂದೇ ಪ್ರಶ್ನಾವಳಿ ಕೊಟ್ಟಾಗ ಅಂಕಗಳು ಚೆನ್ನಾಗಿ ಏರಿವೆ. ಆದರೂ ಪ್ರಬಂಧದ ಮಾರ್ಗದರ್ಶಕರು ಒಪ್ಪುತ್ತಿಲ್ಲ. ಯಾಕೆ?

ಉತ್ತರ: ಮಕ್ಕಳಿಗೆ ಉತ್ತರ ಗೊತ್ತಾಗಿದೆ ಎಂಬುದಷ್ಟೇ ನಿಮ್ಮ ಕೈಲಿರುವುದು. ಅದರಲ್ಲೂ ಒಂದು ಪಾಲು ಪಾಠದ್ದಲ್ಲ. ಅದೇ ಪ್ರಶ್ನಾವಳಿಯನ್ನು ಎರಡನೇ ಸಲ ಬರೆದರೆ ಅಂಕ ತಾನಾಗಿಯೇ ಸ್ವಲ್ಪ ಏರಬಹುದು. ಸೋಪು ಹಚ್ಚಬೇಕೆಂದು ಬಲ್ಲ ಮಗು ಸೋಪೇ ಇಲ್ಲದ ನಲ್ಲಿಯ ಮುಂದೆ ಏನು ಮಾಡೀತು? ಅಳೆಯಬೇಕಾದದ್ದು ನಡವಳಿಕೆಯನ್ನು.

‘ಕೈ ತೊಳೆಯುತ್ತೀಯಾ?’ ಎಂದು ಕೇಳಬೇಡಿ. ಪಾಠ ಕೇಳಿದ ಮಕ್ಕಳಿಗೆ ನಿಮಗೆ ಬೇಕಾದ ಉತ್ತರ ಯಾವುದೆಂದು ಗೊತ್ತು. ನಿಂತು ನೋಡಿ, ಎಣಿಸಿ. ಶೌಚಾಲಯದಿಂದ ಹೊರಬಂದದ್ದು, ಊಟಕ್ಕೆ ಹೊರಟದ್ದು, ಪ್ರತಿಯೊಂದೂ ಒಂದು ಸಂದರ್ಭ. ಸೋಪು ಹಚ್ಚಿದರೋ, ಬರೀ ನೀರೋ, ಏನೂ ಇಲ್ಲವೋ ಎಂದು ಗುರುತು ಹಾಕಿ. 200 ಸಂದರ್ಭಗಳ ಪೈಕಿ 50ರಲ್ಲಿ ಸೋಪು ಬಳಸಿದ್ದರೆ ಶೇ. 25. ಯಾರೋ ನೋಡುತ್ತಿದ್ದಾರೆಂದರೆ ಕೈ ತೊಳೆಯುವುದು ಹೆಚ್ಚುತ್ತದೆ. ಆದ್ದರಿಂದ ಮೊದಲ ಒಂದೆರಡು ದಿನದ ಎಣಿಕೆ ಬಿಟ್ಟುಬಿಡುವುದು ಒಳ್ಳೆಯದು. ಹೋಲಿಕೆಗೆ ಬೇರೆ ಶಾಲೆಯೂ ಇದ್ದರೆ, ಎಣಿಸುವವರಿಗೆ ಅದು ಪಾಠ ನಡೆದ ಶಾಲೆ ಹೌದೋ ಅಲ್ಲವೋ ಎಂಬುದು ತಿಳಿಯದಿರಲಿ. ಶುರುವಿನಲ್ಲಿ ಇಬ್ಬರನ್ನು ಒಂದೇ ನಲ್ಲಿಯ ಬಳಿ ನಿಲ್ಲಿಸಿ, ಬೇರೆ ಬೇರೆ ಹಾಳೆಯಲ್ಲಿ ಎಣಿಸಲು ಹೇಳಿ. ಹಾಳೆಗಳು ತಾಳೆಯಾಗದಿದ್ದರೆ ‘ತೊಳೆಯುವುದು’ ಎಂದರೇನೆಂದು ಮತ್ತೆ ಕೂತು ಸ್ಪಷ್ಟಪಡಿಸಿಕೊಳ್ಳಬೇಕು. ಸೋಪಿನ ತೂಕ ಎಷ್ಟು ಇಳಿಯಿತೆಂದೂ ನೋಡಬಹುದು, ಆದರೆ ಒಣಗಿಸಿ ತೂಗಿ. ಒದ್ದೆ ಸೋಪು ಭಾರವಿರುತ್ತದೆ.

ಪಾಠ ಮುಗಿದ ವಾರವೇ ಅಳೆದು ನಿಲ್ಲಿಸಬೇಡಿ. ಆರು ತಿಂಗಳ ನಂತರ ಇನ್ನೊಮ್ಮೆ ಹೋಗಿ. ಉಳಿಯಿತೋ ಇಲ್ಲವೋ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ಹೋಲಿಕೆಗೆ ಪಾಠ ನಡೆಯದ ಇನ್ನೊಂದು ಶಾಲೆ ಸೇರಿಸಿದರೆ ಸಾಕೇ? ಎರಡೂ ಕಡೆ ಸೇರಿ 400 ಮಕ್ಕಳಿದ್ದಾರೆ.

ಉತ್ತರ: ಸಾಲದು. ಆ ಶಾಲೆಯಲ್ಲಿ ನಲ್ಲಿಗಳು ಹೆಚ್ಚಿದ್ದರೆ? ಮುಖ್ಯೋಪಾಧ್ಯಾಯರು ಶಿಸ್ತಿನವರಾಗಿದ್ದರೆ? ಕಂಡ ವ್ಯತ್ಯಾಸ ಪಾಠದ್ದೋ ಶಾಲೆಯದ್ದೋ ಎಂದು ಬಿಡಿಸಲು ಯಾವ ಲೆಕ್ಕಕ್ಕೂ ಆಗದು. ಒಂದೇ ಶಾಲೆಯ ಮಕ್ಕಳು ಒಬ್ಬರನ್ನೊಬ್ಬರು ಹೋಲುವುದರಿಂದ 400 ಮಕ್ಕಳು 400 ಸ್ವತಂತ್ರ ಉತ್ತರಗಳಲ್ಲ. ಸೂತ್ರ ಇದು: ಒಂದು ಶಾಲೆಯ ಮಕ್ಕಳ ಸಂಖ್ಯೆಯಿಂದ 1 ಕಳೆಯಿರಿ, ಶಾಲೆಯೊಳಗಿನ ಹೋಲಿಕೆಯ ಗುಣಾಂಕದಿಂದ (ಒಂದೇ ಶಾಲೆಯ ಮಕ್ಕಳು ಎಷ್ಟು ಒಂದೇ ಥರ ಎಂದು ಹೇಳುವ ಸಂಖ್ಯೆ) ಗುಣಿಸಿ, 1 ಕೂಡಿಸಿ. ಒಟ್ಟು ಮಕ್ಕಳ ಸಂಖ್ಯೆಯನ್ನು ಬಂದ ಉತ್ತರದಿಂದ ಭಾಗಿಸಿ. ಶಾಲೆಗೆ 41 ಮಕ್ಕಳು, ಗುಣಾಂಕ 0.05 ಎಂದಾದರೆ 40 × 0.05 + 1 = 3. ಅಂದರೆ ಹತ್ತು ಶಾಲೆಗಳ 410 ಮಕ್ಕಳ ಬೆಲೆ ಸುಮಾರು 137 ಮಕ್ಕಳಷ್ಟೇ. ಆದ್ದರಿಂದ ಮಕ್ಕಳನ್ನಲ್ಲ, ಶಾಲೆಗಳನ್ನು ಹೆಚ್ಚಿಸಿ. ಯಾವ ಶಾಲೆಗೆ ಪಾಠ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ; ಉತ್ಸಾಹ ತೋರಿದ ಶಾಲೆಗೇ ಪಾಠ ಕೊಟ್ಟರೆ ಹೋಲಿಕೆ ಅಲ್ಲೇ ಕೆಟ್ಟಿತು. ಉಳಿದವುಗಳಿಗೆ ಅಧ್ಯಯನ ಮುಗಿದ ಮೇಲೆ ಪಾಠ ಕೊಡುವುದಾಗಿ ಮೊದಲೇ ಹೇಳಿದರೆ ಅವೂ ಒಪ್ಪುವುದು ಸುಲಭ.

ಪ್ರಶ್ನೆ: ಕೊನೆಗೆ ವ್ಯತ್ಯಾಸವೇ ಕಾಣದಿದ್ದರೆ ಪ್ರಬಂಧ ವ್ಯರ್ಥವೇ?

ಉತ್ತರ: ಖಂಡಿತ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 40 ಶಾಲಾ ಜಿಲ್ಲೆಗಳನ್ನು ಸೇರಿಸಿ, ಮೂರನೇ ತರಗತಿಯಿಂದ ಹನ್ನೆರಡರವರೆಗೆ ಧೂಮಪಾನ ತಡೆಯುವ ಪಾಠ ನಡೆಸಿದ ಹಚಿನ್ಸನ್ ಅಧ್ಯಯನದಲ್ಲಿ ಪಾಠ ಪಡೆದ ಮತ್ತು ಪಡೆಯದ ಗುಂಪುಗಳ ನಡುವೆ ಧೂಮಪಾನದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2000ರಲ್ಲಿ ಅದು ಪ್ರಕಟವಾಯಿತು, ಈ ಕ್ಷೇತ್ರದ ಮುಖ್ಯ ಅಧ್ಯಯನಗಳಲ್ಲಿ ಒಂದಾಯಿತು. ನೀವು ಒಂದು ಕೆಲಸ ಮಾತ್ರ ತಪ್ಪಿಸಬೇಡಿ: ಎಷ್ಟು ತರಗತಿ ಯೋಜಿಸಿದಿರಿ, ಎಷ್ಟು ನಡೆದವು, ಎಷ್ಟು ನಿಮಿಷ, ಎಷ್ಟು ಹಾಜರಿ, ಆ ದಿನಗಳಲ್ಲಿ ನಲ್ಲಿಯ ಬಳಿ ಸೋಪು ಇತ್ತೇ ಎಂದು ದಿನವಹಿ ಬರೆದಿಡಿ. ಆ ಪುಸ್ತಕ ಇಲ್ಲದಿದ್ದರೆ ಪಾಠ ಸೋತಿತೋ, ಪಾಠ ನಡೆಯಲೇ ಇಲ್ಲವೋ ಎಂದು ಹೇಳಲಾಗದು.