ಡ್ರೈವರ್ ಕೀಳುವ ಮುಂಚೆ ಪೋರ್ಟ್ ನೋಡಿ ಸರ್

ಸರ್, ದಯವಿಟ್ಟು ಇನ್ನೊಂದು ಸಲ ಪ್ರಿಂಟರ್ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ನೀವು ಹಾಕಿರುವ ಸ್ಕ್ರೀನ್‌ಶಾಟ್‌ನಲ್ಲೇ ವಿಷಯ ಕಾಣುತ್ತಿದೆ. ಅಂಗಡಿಯಲ್ಲಿರುವುದು ಮೂರು ಕಂಪ್ಯೂಟರ್, ಒಂದೇ ನೆಟ್‌ವರ್ಕ್ ಲೇಸರ್ ಪ್ರಿಂಟರ್, ಪ್ರಿಂಟರ್ ಪಟ್ಟಿಯಲ್ಲಿ ಮಾತ್ರ ಕಾಪಿ 1, ಕಾಪಿ 2, ಕಾಪಿ 3 ಅಂತ ಸಾಲಾಗಿ ನಿಂತಿವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಆಫ್‌ಲೈನ್ ತೋರಿಸುತ್ತದೆ, ಕ್ಯೂನಲ್ಲಿರುವ ಪಹಣಿ ಡಿಲೀಟ್ ಕೊಟ್ಟರೂ ಹೋಗುವುದಿಲ್ಲ, ಡ್ರೈವರ್ ಹೊಸದಾಗಿ ಹಾಕಿದರೆ ಎರಡು ದಿನ ಸರಿ ಇರುತ್ತದೆ ಅಂತ ಬರೆದಿದ್ದೀರಿ. ಆ ಎರಡು ದಿನ ಸರಿ ಇರುವುದು ಡ್ರೈವರ್‌ನಿಂದ ಅಲ್ಲ. ಹೊಸದಾಗಿ ಹಾಕುವಾಗ ವಿಂಡೋಸ್ ಪ್ರಿಂಟರ್ ಎಲ್ಲಿದೆ ಅಂತ ಹುಡುಕಿ ಹೊಸ ಪೋರ್ಟ್, ಅಂದರೆ ಪ್ರಿಂಟ್ ಕಳಿಸುವ ದಾರಿ, ಮಾಡಿಕೊಳ್ಳುತ್ತದೆ, ಅಷ್ಟೇ. ನಾನೂ ಶುರುವಿನಲ್ಲಿ ಇದೇ ದಾರಿ ಹಿಡಿದಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಈಗ ಸಿಕ್ಕಿಕೊಂಡಿರುವ ಕ್ಯೂ ಬಿಡಿಸಿ. ಪ್ರಿಂಟರ್ ಆಫ್ ಮಾಡಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಪ್ರಿಂಟರ್ ಮೆಮೊರಿಯಲ್ಲಿ ಅರ್ಧ ಕೆಲಸ ಕೂತಿದ್ದರೆ ಕಂಪ್ಯೂಟರ್ ಕಡೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಆಮೇಲೆ ವಿಂಡೋಸ್‌ನ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್, ಅಂದರೆ ಕ್ಯೂ ನಡೆಸುವ ಸರ್ವಿಸ್, ಸ್ಟಾಪ್ ಮಾಡಿ. ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಅನ್ನುವ ಫೋಲ್ಡರ್. ಒಳಗೆ ಎಸ್‌ಪಿಎಲ್, ಎಸ್‌ಎಚ್‌ಡಿ ಅಂತ ಜೋಡಿ ಜೋಡಿ ಫೈಲ್ ಇರುತ್ತವೆ. ಮೊದಲನೆಯದರಲ್ಲಿ ಪ್ರಿಂಟ್ ಆಗಬೇಕಾದ ಸರಕು, ಎರಡನೆಯದರಲ್ಲಿ ಯಾರು ಕೊಟ್ಟರು, ಎಷ್ಟು ಪ್ರತಿ ಅನ್ನುವ ವಿವರ. ಆ ಫೈಲ್‌ಗಳನ್ನಷ್ಟೇ ಅಳಿಸಿ. ಫೋಲ್ಡರ್ ಅಳಿಸಬೇಡಿ, ಪಕ್ಕದಲ್ಲಿರುವ ಡ್ರೈವರ್ಸ್ ಫೋಲ್ಡರ್ ಮುಟ್ಟಲೇಬೇಡಿ. ಒಂದು ಎಚ್ಚರಿಕೆ: ಆ ಕಂಪ್ಯೂಟರ್‌ಗೆ ಸೇರಿದ ಎಲ್ಲ ಪ್ರಿಂಟರ್‌ಗಳ ಕ್ಯೂ ಹೋಗುತ್ತದೆ. ಡಾಟ್ ಮ್ಯಾಟ್ರಿಕ್ಸ್‌ಗೆ ಕೊಟ್ಟ ಬಿಲ್ ಬಾಕಿ ಇದ್ದರೆ ಅದೂ ಹೋಗುತ್ತದೆ, ಹಾಗಾಗಿ ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ಸ್ಪೂಲರ್ ಸ್ಟಾರ್ಟ್, ಕೊನೆಗೆ ಪ್ರಿಂಟರ್ ಆನ್. ಅದೇ ಪಿಡಿಎಫ್ ಕೊಟ್ಟ ತಕ್ಷಣ ಮತ್ತೆ ಸಿಕ್ಕಿಕೊಂಡರೆ ತಪ್ಪು ಆ ಫೈಲ್‌ನದು. ಅಡೋಬಿ ರೀಡರ್‌ನ ಅಡ್ವಾನ್ಸ್ಡ್‌ನಲ್ಲಿ ಪ್ರಿಂಟ್ ಆ್ಯಸ್ ಇಮೇಜ್ ಟಿಕ್ ಮಾಡಿ ಕೊಡಿ, ನಿಧಾನವಾದರೂ ಸಾಮಾನ್ಯವಾಗಿ ಬರುತ್ತದೆ.

ಈಗ ನಿಜವಾದ ರೋಗ. ನಾಳೆ ಕರೆಂಟ್ ಹೋಗಿ ಬಂದು ಆಫ್‌ಲೈನ್ ಆದಾಗ ಕಂಪ್ಯೂಟರ್ ಮುಟ್ಟಬೇಡಿ, ಪ್ರಿಂಟರ್‌ನ ಬಟನ್‌ನಿಂದಲೇ ನೆಟ್‌ವರ್ಕ್ ಕಾನ್ಫಿಗರೇಶನ್ ಪೇಜ್ ತೆಗೆಯಿರಿ. ಅದರಲ್ಲಿ ಐಪಿ ಅಡ್ರೆಸ್ ನೋಡಿ. 169.254 ಅಂತ ಶುರುವಾಗಿದ್ದರೆ ಪ್ರಿಂಟರ್ ರೌಟರ್‌ಗಿಂತ ಮುಂಚೆ ಎದ್ದಿದೆ. ಕರೆಂಟ್ ಬಂದಾಗ ಎರಡೂ ಒಟ್ಟಿಗೇ ಆನ್ ಆಗುತ್ತವೆ, ರೌಟರ್ ತಯಾರಾಗಲು ಜಾಸ್ತಿ ಹೊತ್ತು ಬೇಕು. ವಿಳಾಸ ಕೊಡುವವರು ಯಾರೂ ಸಿಗದೆ ಪ್ರಿಂಟರ್ ತಾನೇ ಒಂದು ವಿಳಾಸ ಹಾಕಿಕೊಂಡು ಕೂತಿರುತ್ತದೆ. 192.168 ಅಂತಲೇ ಇದ್ದು ಕೊನೆಯ ಅಂಕಿ ಬದಲಾಗಿದ್ದರೆ ರೌಟರ್ ಹೊಸ ವಿಳಾಸ ಕೊಟ್ಟಿದೆ. ಎರಡರಲ್ಲಿ ಯಾವುದೇ ಆಗಿದ್ದರೂ, ಕಂಪ್ಯೂಟರ್ ಹಳೇ ವಿಳಾಸಕ್ಕೇ ಕಳಿಸುತ್ತಿರುತ್ತದೆ.

ಇದಕ್ಕೆ ನಾನು ಎಲ್ಲ ಕಡೆ ಮಾಡುವುದು ಒಂದೇ. ಪ್ರಿಂಟರ್‌ನ ಒಳಗೇ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ, ಹಾಕುತ್ತೇನೆ. ರೌಟರ್‌ನಲ್ಲಿ ಪ್ರಿಂಟರ್‌ಗೆ ಅಂತಲೇ ಒಂದು ವಿಳಾಸ ರಿಸರ್ವೇಶನ್ ಮಾಡಿದರೆ ಸಾಕು ಅನ್ನುವವರಿದ್ದಾರೆ. ಅದು ತಪ್ಪಲ್ಲ, ಆದರೆ ರೌಟರ್ ತಡವಾಗಿ ಏಳುವ ಸಮಸ್ಯೆಗೆ ಅದು ಪೂರ್ತಿ ಮದ್ದಲ್ಲ. ರೌಟರ್‌ನ ಡಿಎಚ್‌ಸಿಪಿ ರೇಂಜ್, ಅಂದರೆ ರೌಟರ್ ತಾನೇ ಹಂಚುವ ವಿಳಾಸಗಳ ಕೊನೆಯ ಅಂಕಿ, 2ರಿಂದ 150ರವರೆಗೆ ಇಳಿಸಿ, ಪ್ರಿಂಟರ್‌ಗೆ 200 ಕೊಡಿ. ರೇಂಜ್ ಒಳಗಿನ ನಂಬರ್ ಕೊಡಬೇಡಿ. ಗಿರಾಕಿಗಳಿಗೆ ವೈಫೈ ಪಾಸ್‌ವರ್ಡ್ ಕೊಟ್ಟಿರುತ್ತೀರಿ ಅಲ್ವಾ, ಅವರ ಮೊಬೈಲ್‌ಗೆ ಅದೇ ನಂಬರ್ ಹೋಗುತ್ತದೆ. ಆಮೇಲೆ ಪಿಂಗ್ ಮಾಡಿದರೆ (ಆ ವಿಳಾಸದಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುವ ಕಮಾಂಡ್) ಉತ್ತರ ಬರುತ್ತದೆ, ಪ್ರಿಂಟ್ ಮಾತ್ರ ಬರುವುದಿಲ್ಲ. ಅನುಮಾನ ಬಂದರೆ ಪ್ರಿಂಟರ್ ಆಫ್ ಮಾಡಿ ಪಿಂಗ್ ಮಾಡಿ ನೋಡಿ. ಆಗಲೂ ಉತ್ತರ ಬಂದರೆ ಆ ವಿಳಾಸದಲ್ಲಿ ಬೇರೆ ಯಾರೋ ಕೂತಿದ್ದಾರೆ. ಇಂಟರ್ನೆಟ್‌ನವರು ರೌಟರ್ ಬದಲಾಯಿಸಿ 192.168.1 ಇದ್ದದ್ದು 192.168.0 ಆದರೆ ಸ್ಟ್ಯಾಟಿಕ್ ಕೂಡ ಕೈ ಕೊಡುತ್ತದೆ. ಅದಕ್ಕೇ ಐಪಿಯನ್ನು ಚೀಟಿಯಲ್ಲಿ ಬರೆದು ಪ್ರಿಂಟರ್ ಮೇಲೆ ಅಂಟಿಸಿ.

ಆಮೇಲೆ ಕಂಪ್ಯೂಟರ್ ಕಡೆ. ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್ ಟ್ಯಾಬ್. ಅಲ್ಲಿ ಡಬ್ಲ್ಯೂಎಸ್‌ಡಿ ಅಂತ ಶುರುವಾಗುವ ಹೆಸರಿಗೆ ಟಿಕ್ ಇದ್ದರೆ ಆ ಪೋರ್ಟ್ ಬಳಸುವುದು ಬೇಡ. ವಿಂಡೋಸ್ ತಾನೇ ಪ್ರಿಂಟರ್ ಹುಡುಕಿ ಸೇರಿಸಿದಾಗ ಎಷ್ಟೋ ಸಲ ಇದನ್ನೇ ಹಾಕುತ್ತದೆ. ಮನೆಗೆ ಸರಿ, ದಿನವಿಡೀ ಪ್ರಿಂಟ್ ಕೊಡುವ ಅಂಗಡಿಗೆ ನಂಬಿಕೆಯದಲ್ಲ. ಆ್ಯಡ್ ಪೋರ್ಟ್ ಒತ್ತಿ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಆರಿಸಿ, ಆ 200ರ ವಿಳಾಸ ಕೊಡಿ, ಪ್ರೋಟೋಕಾಲ್ ರಾ, ಪೋರ್ಟ್ ನಂಬರ್ 9100. ಇದ್ದ ಡ್ರೈವರ್ ಹಾಗೇ ಇರಲಿ, ಟಿಕ್ ಮಾತ್ರ ಹೊಸ ಪೋರ್ಟ್‌ಗೆ ಬದಲಾಗಬೇಕು. ಅಲ್ಲಿರುವ ಇನ್ನೊಂದು ಪ್ರೋಟೋಕಾಲ್ ಎಲ್‌ಪಿಆರ್ ಬೇಡ, ಅದು ಕೇಳುವ ಕ್ಯೂ ಹೆಸರು ತಪ್ಪಿದರೆ ಕೆಲಸ ಹೊರಡುವುದಿಲ್ಲ. ಪ್ರಿಂಟರ್ ಅನ್ನು ನೆಟ್‌ವರ್ಕ್‌ಗೆ ಸೇರಿಸುವ ಹಳೇ ಪ್ರಿಂಟ್ ಸರ್ವರ್ ಡಬ್ಬಿ ಇಟ್ಟುಕೊಂಡು ಅದಕ್ಕೆ ಎಲ್‌ಪಿಆರ್ ಮಾತ್ರ ಬರುವುದಾದರೆ ಅದರ ಜೊತೆ ಬಂದ ಪುಸ್ತಕದಲ್ಲಿರುವ ಹೆಸರನ್ನು ಅಕ್ಷರ ತಪ್ಪದೆ ಹಾಕಿ.

ಇನ್ನು ಬಹಳ ಮುಖ್ಯವಾದದ್ದು. ಅದೇ ಪುಟದಲ್ಲಿ ಕಾನ್ಫಿಗರ್ ಪೋರ್ಟ್ ಒತ್ತಿದರೆ ಕೆಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ ಅಂತ ಇರುತ್ತದೆ. ಟಿಕ್ ತೆಗೆಯಿರಿ. ವಿಂಡೋಸ್ ಅದರ ಮೂಲಕ ಪ್ರಿಂಟರ್‌ನ ಸ್ಥಿತಿ ಕೇಳುತ್ತದೆ, ಉತ್ತರ ಬರದಿದ್ದರೆ ಪ್ರಿಂಟರ್ ಚೆನ್ನಾಗಿದ್ದರೂ ಆಫ್‌ಲೈನ್ ಅಂದುಬಿಡುತ್ತದೆ. ಟಿಕ್ ತೆಗೆದರೆ ಪೇಪರ್ ಮುಗಿದದ್ದು, ಟೋನರ್ ಕಮ್ಮಿ ಆದದ್ದು ಸ್ಕ್ರೀನ್ ಮೇಲೆ ಕಾಣದೇ ಇರಬಹುದು. ನಿಮ್ಮ ಪ್ರಿಂಟರ್ ಟೇಬಲ್ ಪಕ್ಕದಲ್ಲೇ ಇರುವುದರಿಂದ ತೊಂದರೆ ಇಲ್ಲ. ಮೂರೂ ಕಂಪ್ಯೂಟರ್‌ನಲ್ಲಿ ಇದೇ ರೀತಿ ಮಾಡಿ, ಟೆಸ್ಟ್ ಪೇಜ್ ಬಂದ ಮೇಲೆ ಆ ಕಾಪಿಗಳನ್ನೆಲ್ಲ ತೆಗೆದುಹಾಕಿ.

ಡ್ರೈವರ್‌ನದೇ ತಪ್ಪು ಇರುವ ದಿನವೂ ಬರುತ್ತದೆ. ಆಗ ಲಕ್ಷಣ ಬೇರೆ. ಹಾಳೆಯ ಮೇಲ್ಗಡೆ ಶೇಕಡಾ ಚಿಹ್ನೆ, 12345, ಪಿಜೆಎಲ್ ಅಂತ ಒಂದೆರಡು ಸಾಲು ಬಂದು, ಆಮೇಲೆ ಅರ್ಥವಿಲ್ಲದ ಚಿಹ್ನೆಗಳಿರುವ ಹಾಳೆಗಳು ಒಂದರ ಹಿಂದೆ ಒಂದು ಬೀಳುತ್ತವೆ. ಅರ್ಧ ನಿಂತ ಕೆಲಸ ಮತ್ತೆ ಶುರುವಾದರೂ ಹೀಗಾಗುತ್ತದೆ, ಆದ್ದರಿಂದ ಮೊದಲು ಕ್ಯೂ ತೊಳೆದು ನೋಡಿ. ಆಮೇಲೂ ಬಂದರೆ ಡ್ರೈವರ್ ಬದಲಾಯಿಸಿ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ವಿಂಡೋಸ್ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿ, ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಲ್ಲಿ) ಸೊನ್ನೆ ಹಾಕಿ ಅಂತ ಹೇಳಿದ್ದಾರೆ. ಇದು ನಿಮ್ಮ ಸಮಸ್ಯೆಯೇ ಅಲ್ಲ, ದಯವಿಟ್ಟು ಮಾಡಬೇಡಿ. ಅವರು ಹೇಳಿದ್ದು ಒಂದು ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಸೇರಿಸಿ ಶೇರ್ ಮಾಡಿದ ಪ್ರಿಂಟರ್‌ಗೆ ಬರುವ, ಕೊನೆಯಲ್ಲಿ 11ಬಿ ಅಂತಿರುವ ಎರರ್‌ಗೆ. 2021ರ ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಸ್ಪೂಲರ್‌ನ ದೊಡ್ಡ ದೋಷ ಹೊರಬಂದು ಗಲಾಟೆ ಆಯಿತು. ಆ ವರ್ಷ ಮೈಕ್ರೋಸಾಫ್ಟ್‌ನವರು ಸ್ಪೂಲರ್‌ನ ಭದ್ರತೆ ಬಿಗಿ ಮಾಡುತ್ತಾ ಹೋದರು, ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ ಈ 11ಬಿ ಶುರುವಾಯಿತು. ಸೊನ್ನೆ ಹಾಕಿದರೆ ಪ್ರಿಂಟ್ ಬರುತ್ತದೆ, ಬೀಗವೂ ತೆಗೆದಂತಾಗುತ್ತದೆ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಬರುವ ಕಂಪ್ಯೂಟರ್ ಅದು ಸರ್. ಯಾರದೋ ವಿಡಿಯೋ ನೋಡಿ ಸುಮ್ನೆ ಹಾಕಿಬಿಡುವುದು ಸರಿಯಲ್ಲ. ಆ 11ಬಿ ಎರರ್ ಬಂದವರು ಅದರ ಬದಲು ಇನ್ನೊಂದು ಕಂಪ್ಯೂಟರ್‌ನಲ್ಲಿ ಲೋಕಲ್ ಪೋರ್ಟ್ ಮಾಡಿ, ಪೋರ್ಟ್ ಹೆಸರಿನ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಕಂಪ್ಯೂಟರ್ ಹೆಸರು, ಮತ್ತೆ ಒಂದು ಹಾಕಿ ಶೇರ್ ಹೆಸರು ಬರೆದು, ಡ್ರೈವರ್ ಕೈಯಿಂದ ಆರಿಸಿ. ಬಹಳ ಕಡೆ ಇಷ್ಟಕ್ಕೇ ಸರಿಯಾಗುತ್ತದೆ.

ಕ್ಯಾನನ್ 2900, ಎಚ್‌ಪಿ 1020 ಅನ್ನುವ ಯುಎಸ್‌ಬಿ ಲೇಸರ್ ಪ್ರಿಂಟರ್ ಇಟ್ಟುಕೊಂಡು ರೌಟರ್‌ನ ಯುಎಸ್‌ಬಿಗೆ ಚುಚ್ಚಿದರೆ ನೆಟ್‌ವರ್ಕ್ ಪ್ರಿಂಟರ್ ಆಗುತ್ತಾ ಅಂತ ಕೇಳಿದವರಿಗೆ: ಅದನ್ನು ನಂಬಿ ದುಡ್ಡು ಹಾಕಬೇಡಿ. ಎರಡೂ ಗಟ್ಟಿ ಮೆಷಿನ್, ಆದರೆ ಪುಟ ತಯಾರಿಸುವ ಕೆಲಸ ಪೂರ್ತಿ ಕಂಪ್ಯೂಟರ್‌ನದೇ. 1020ಕ್ಕೆ ಪ್ರತಿ ಸಲ ಆನ್ ಆದಾಗಲೂ ಕಂಪ್ಯೂಟರ್ ಫರ್ಮ್‌ವೇರ್ (ಪ್ರಿಂಟರ್ ಒಳಗೆ ನಡೆಯುವ ಸಾಫ್ಟ್‌ವೇರ್) ತುಂಬಬೇಕು. 2900 ಕ್ಯಾಪ್ಟ್ ಅನ್ನುವ ತನ್ನದೇ ಭಾಷೆಯಲ್ಲಿ ಕಂಪ್ಯೂಟರ್ ಜೊತೆ ಎರಡೂ ಕಡೆ ಮಾತಾಡುತ್ತಿರಬೇಕು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕಪ್ಸ್ ಅನ್ನುವ ಲಿನಕ್ಸ್ ಪ್ರಿಂಟಿಂಗ್ ಸಾಫ್ಟ್‌ವೇರ್ ಹಾಕಿದರೆ 1020 ನಡೆಯುತ್ತದೆ, ಫೂ2ಝೆಡ್‌ಜೆಎಸ್ ಡ್ರೈವರ್ ಮತ್ತು ಫರ್ಮ್‌ವೇರ್ ಫೈಲ್ ಎರಡೂ ಬೇಕು. ಕಪ್ಸ್‌ನಲ್ಲಿ ಪ್ರಿಂಟರ್ ಪಾಜ್ ಆಗಿ ನಿಂತರೆ ಎರರ್ ಪಾಲಿಸಿ ನೋಡಿ. ಸ್ಟಾಪ್ ಪ್ರಿಂಟರ್ ಅಂತಿದ್ದರೆ ಒಂದು ಸಲ ಕೇಬಲ್ ಅಲುಗಿದರೂ ಕ್ಯೂ ಪೂರ್ತಿ ನಿಲ್ಲುತ್ತದೆ, ನೀವೇ ಹೋಗಿ ರೆಸ್ಯೂಮ್ ಮಾಡುವ ತನಕ ಏಳುವುದಿಲ್ಲ. ಬ್ರೌಸರ್‌ನಲ್ಲಿ 631ನೇ ಪೋರ್ಟ್ ತೆರೆದು ಅದನ್ನು ರಿಟ್ರೈ ಜಾಬ್ ಮಾಡಿಡಿ.

ಹೊಸದು ಕೊಳ್ಳುವುದಿದ್ದರೆ ಲ್ಯಾನ್ ಕೇಬಲ್ ಜಾಗ ಇರುವುದನ್ನೇ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಅಂಗಡಿಗೆ ಬ್ರದರ್‌ನ ಲ್ಯಾನ್ ಇರುವ ಲೇಸರ್ ಒಳ್ಳೆಯದು. ಎಚ್‌ಪಿ ಪ್ಲಸ್ ಅಂತ ಬರೆದಿರುವುದನ್ನು ಓದಿ ಕೊಳ್ಳಿ, ಅದಕ್ಕೆ ಸದಾ ಇಂಟರ್ನೆಟ್ ಬೇಕು, ಅವರದೇ ಟೋನರ್ ಬೇಕು. ರೀಫಿಲ್ ಮಾಡಿಸುವವರಿಗೆ ಆಗಿಬರುವುದಿಲ್ಲ. ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಬಿಡಿ, ಅರ್ಧ ತಲೆನೋವು ಅಲ್ಲೇ ಕಳೆಯುತ್ತದೆ. ಲೇಸರ್ ಪ್ರಿಂಟರ್ ಮಾತ್ರ ಆ ಯುಪಿಎಸ್‌ಗೆ ಸೇರಿಸಬೇಡಿ, ಟೋನರ್ ಅನ್ನು ಹಾಳೆಗೆ ಕಾಯಿಸಿ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟ್ ಅದು ತಡೆಯುವುದಿಲ್ಲ.

ನುಡಿಯಲ್ಲಿ ಟೈಪ್ ಮಾಡಿದ ಅರ್ಜಿ ಇನ್ನೊಂದು ಕಂಪ್ಯೂಟರ್‌ನಿಂದ ಕೊಟ್ಟರೆ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತದೆ ಅಂತ ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೂ ಕ್ಯೂಗೂ ಸಂಬಂಧವಿಲ್ಲ. ಆ ಕಂಪ್ಯೂಟರ್‌ನಲ್ಲಿ ನುಡಿ ಫಾಂಟ್ ಇಲ್ಲ. ಮೂರರಲ್ಲೂ ಫಾಂಟ್ ಹಾಕಿ, ಇಲ್ಲವೇ ಟೈಪ್ ಮಾಡಿದ ಕಂಪ್ಯೂಟರ್‌ನಲ್ಲೇ ಫಾಂಟ್ ಎಂಬೆಡ್ ಮಾಡಿ ಪಿಡಿಎಫ್ ತೆಗೆದು ಕಳಿಸಿ. ಹೊಸ ಅರ್ಜಿಗಳನ್ನಾದರೂ ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಶುರು ಮಾಡಿ.