ಜೇನುನೊಣದ ವರ್ಣತಂತುಗಳನ್ನು ನೋಡಲು ಗಂಡು ಹುಳುವನ್ನೇ ಏಕೆ ಹಿಡಿಯಬೇಕು?

ಬೆಳೆದ ಕೆಲಸಗಾರ ನೊಣಗಳ ತಲೆ ಮತ್ತು ರೆಕ್ಕೆಯ ಸ್ನಾಯು ತೆಗೆದು ಬಣ್ಣ ಹಾಕಿ ನೋಡಿದರೂ ಒಂದು ವರ್ಣತಂತುವೂ (ಜೀನುಗಳನ್ನು ಹೊತ್ತ ಕ್ರೋಮೋಸೋಮ್) ಕಾಣಲಿಲ್ಲ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಏನು ಮಾಡುವುದು ಎಂದು ಕೇಳಿದ್ದೀರಿ. ನಿಮ್ಮ ಬಣ್ಣದಲ್ಲಿ ದೋಷವಿರಲಿಕ್ಕಿಲ್ಲ. ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವುದು ಜೀವಕೋಶ ವಿಭಜನೆಯಾಗುವ ಹೊತ್ತಿನಲ್ಲಿ ಮಾತ್ರ. ಹಾರಾಡುವ ನೊಣದ ಮೆದುಳು, ಸ್ನಾಯುಗಳಲ್ಲಿ ಆ ಕೆಲಸ ಎಂದೋ ಮುಗಿದಿರುತ್ತದೆ.

ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಗಂಡು ಹುಳುವಿನ ಪ್ಯೂಪಾ, ಅಂದರೆ ಮುಚ್ಚಿದ ಕೋಣೆಯೊಳಗೆ ನೊಣವಾಗಿ ಬದಲಾಗುತ್ತಿರುವ ಮರಿ, ಹುಡುಕಿ. ನಮ್ಮ ದೇಸಿ ಜೇನಾದ ತುಡುವೆಯ ಪೆಟ್ಟಿಗೆ ಇಟ್ಟವರ ಬಳಿ, ಜೇನು ಕುಟುಂಬ ಪಾಲಾಗುವ ಕಾಲಕ್ಕೆ ಹೋಗಿ ಎರಿಯ ಕೆಳಅಂಚನ್ನು ನೋಡಿ. ಗಂಡಿನ ಕೋಣೆಗಳು ದೊಡ್ಡವು, ಮುಚ್ಚಳ ಉಬ್ಬಿರುತ್ತದೆ, ಅದರ ನಡುವೆ ಸೂಜಿಯಿಂದ ಚುಚ್ಚಿದಂಥ ಒಂದು ತೂತು. ಈ ತೂತು ತುಡುವೆಯಲ್ಲಿದೆ, ಯುರೋಪಿನ ಮೆಲ್ಲಿಫೆರಾ ಜೇನಿನಲ್ಲಿ ಇಲ್ಲ. ಮುಚ್ಚಳ ತೆಗೆದು ಕಣ್ಣಿನ ಬಣ್ಣ ನೋಡಿ. ಬಿಳಿಯಿಂದ ನಸುಗುಲಾಬಿಯವರೆಗೆ ಇದ್ದರೆ ಅದರ ವೃಷಣವನ್ನು ತೆಗೆದುಕೊಳ್ಳಿ, ಕಣ್ಣು ಕಪ್ಪಾಗಿದ್ದರೆ ಬಿಡಿ. ಆಗ ವೃಷಣದ ತುಂಬ ವೀರ್ಯಾಣುವೇ ಇರುತ್ತದೆ, ವಿಭಜನೆ ಸಿಗುವುದಿಲ್ಲ. ಮುಂದಿನದು ನಿಮ್ಮ ಪಠ್ಯದಲ್ಲಿರುವುದೇ: ಕಾಲ್ಚಿಸಿನ್ (ವಿಭಜನೆಯನ್ನು ನಡುವೆಯೇ ತಡೆಯುವ ರಾಸಾಯನಿಕ) ಬೆರೆಸಿದ ತೆಳು ಸೋಡಿಯಂ ಸಿಟ್ರೇಟ್, ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣ, ಕೊನೆಗೆ ಗೀಮ್ಸಾ ಬಣ್ಣ. ಕಾಲ್ಚಿಸಿನ್ ವಿಷ, ಕೈಗವಸು ಹಾಕದೆ ಮುಟ್ಟಬೇಡಿ.

ಗಂಡನ್ನೇ ಏಕೆಂದರೆ ಎಣಿಕೆ ಸುಲಭ. ಫಲಿತವಾಗದ ಮೊಟ್ಟೆಯಿಂದ ಹುಟ್ಟುವ ಗಂಡಿನಲ್ಲಿ ತಾಯಿಯಿಂದ ಬಂದ ಒಂದೇ ಸೆಟ್, ಅಂದರೆ 16 ವರ್ಣತಂತುಗಳು. ರಾಣಿಯಲ್ಲೂ ಕೆಲಸಗಾರ ನೊಣದಲ್ಲೂ 32. ಗಂಡಿಗೆ ತಂದೆಯಿಲ್ಲ ಎಂಬುದನ್ನು ಯುರೋಪಿನ ಸಿಲೇಶಿಯಾ ಪ್ರಾಂತ್ಯದ ಪಾದ್ರಿ ಯಾನ್ ಜೆರ್ಜಾನ್ 1845ರಲ್ಲೇ ಹೇಳಿದ್ದರು, ಅದೂ ವರ್ಣತಂತು ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ, ಗೂಡುಗಳನ್ನು ಗಮನಿಸಿಯೇ. ನನಗೆ ಈಗಲೂ ಅಚ್ಚರಿಯಾಗುವ ಮಾತು ಅದು.

ಸ್ಲೈಡಿನಲ್ಲಿ ಒಂದು ವಿಚಿತ್ರ ಕಾಣುತ್ತದೆ, ಗಾಬರಿಯಾಗಬೇಡಿ. ಸಾಮಾನ್ಯವಾಗಿ ವೀರ್ಯಾಣುವಾಗುವ ಮುನ್ನ ಜೀವಕೋಶ ಎರಡು ಬಾರಿ ವಿಭಜನೆಯಾಗಿ, ವರ್ಣತಂತುಗಳು ಅರ್ಧವಾಗಿ ನಾಲ್ಕು ವೀರ್ಯಾಣುಗಳಾಗುತ್ತವೆ. ಜೋಡಿಯೇ ಇಲ್ಲದ ವರ್ಣತಂತುಗಳನ್ನು ಮತ್ತೆ ಅರ್ಧ ಮಾಡುವುದು ಹೇಗೆ? ಮಾಡುವುದಿಲ್ಲ. ಮೊದಲ ವಿಭಜನೆ ಅರ್ಧಕ್ಕೇ ನಿಂತು, ಕೋಶಕೇಂದ್ರವಿಲ್ಲದ ಒಂದು ಚಿಕ್ಕ ಮೊಗ್ಗು ಮಾತ್ರ ಹೊರಬೀಳುತ್ತದೆ. ಎರಡನೆಯದರಲ್ಲಿ ಪಾಲು ಸಮವಾಗಿರುವುದಿಲ್ಲ. ದೊಡ್ಡ ಪಾಲು ವೀರ್ಯಾಣುವಾಗುತ್ತದೆ, ಸಣ್ಣದು ವ್ಯರ್ಥ. ನಾಲ್ಕರ ಬದಲು ಒಂದೇ ವೀರ್ಯಾಣು. ಹಾಗಾಗಿ ಒಂದು ಗಂಡಿನ ವೀರ್ಯಾಣುಗಳೆಲ್ಲ ಒಂದೇ ಪ್ರತಿ. ಅದರಿಂದ ಹುಟ್ಟಿದ ಅಕ್ಕತಂಗಿಯರಲ್ಲಿ ಸರಾಸರಿ ಮುಕ್ಕಾಲು ಪಾಲು ಜೀನುಗಳು ಸಮಾನ. ರಾಣಿ ಹಲವು ಗಂಡುಗಳ ಜೊತೆ ಕೂಡುವುದರಿಂದ ಗೂಡಿನ ಎಲ್ಲರಿಗೂ ಈ ಲೆಕ್ಕ ಅನ್ವಯಿಸುವುದಿಲ್ಲ.

ವೃಷಣದಲ್ಲಿ 32 ಎಣಿಸಿದರೆ ಎರಡು ಜೀವಕೋಶಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ಮೊದಲು ನೋಡಿ. 32 ಇರುವ ಗಂಡು ಹುಟ್ಟುವುದುಂಟು, ನಿಜ. ಲಿಂಗ ನಿರ್ಧರಿಸುವ ಸಿಎಸ್‌ಡಿ ಜೀನು 3ನೆಯ ವರ್ಣತಂತುವಿನಲ್ಲಿದೆ. ಅದರ ಎರಡೂ ಪ್ರತಿಗಳು ಒಂದೇ ಬಗೆಯವಾದರೆ ಫಲಿತ ಮೊಟ್ಟೆಯೂ ಗಂಡಾಗುತ್ತದೆ. ಆದರೆ ಅಂಥ ಮರಿಹುಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಕೆಲಸಗಾರ ನೊಣಗಳು ಅದನ್ನು ತಿಂದುಹಾಕುತ್ತವೆ. ಮುಚ್ಚಳ ಬಿದ್ದ ಕೋಣೆಯವರೆಗೆ ಅದು ಉಳಿದಿರುವ ಸಂಭವ ತೀರಾ ಕಡಿಮೆ. ಹೆಣ್ಣಿನ 32 ಬೇಕೇ ಬೇಕೆಂದರೆ ಕೆಲಸಗಾರ ಹುಳು ಪ್ಯೂಪಾ ಆಗುವ ಮುಂಚಿನ ಹಂತದಲ್ಲಿ ಅದರ ಮೆದುಳನ್ನು ತೆಗೆಯಿರಿ.

ಎಲ್ಲವನ್ನೂ ಗಾತ್ರದ ಪ್ರಕಾರ ಜೋಡಿಸುತ್ತೇನೆಂದು ಪ್ರಾಜೆಕ್ಟಿನಲ್ಲಿ ಬರೆದುಕೊಡಬೇಡಿ. 1ನೆಯದು ಎದ್ದು ಕಾಣುವಷ್ಟು ಉದ್ದವಿದೆ, ಉಳಿದವು ಪುಟ್ಟವು, ಒಂದಕ್ಕೊಂದು ಹೋಲುತ್ತವೆ.

ಹೆಜ್ಜೇನಿನಲ್ಲಿ ಮಾಡಬಹುದೇ ಎಂದೂ ಕೇಳಿದ್ದೀರಿ. ಮೆಲ್ಲಿಫೆರಾ, ತುಡುವೆ, ಹೆಜ್ಜೇನು, ಕೋಲುಜೇನು ನಾಲ್ಕರಲ್ಲೂ ಗಂಡಿಗೆ 16 ವರ್ಣತಂತುಗಳೇ. ಅದೇ 16ಕ್ಕಾಗಿ ಹೆಜ್ಜೇನಿನ ಬಂಡೆ ಹತ್ತುವ ಅಗತ್ಯ ನನಗಂತೂ ಕಾಣುವುದಿಲ್ಲ.