ಮರ ಉಜ್ಜಿ ನಯಮಾಡುವ, ಕೈಯಲ್ಲಿ ಹಿಡಿಯುವ ಪವರ್ ಸ್ಯಾಂಡರ್‌ನಲ್ಲಿ ಮರಗೆಲಸದವರು ಯಾವ ಸುಧಾರಣೆ ಬಯಸುತ್ತಾರೆ?

ಮೊದಲ ದೂರು ಧೂಳಿನದ್ದೇ. ಸ್ಯಾಂಡರ್ ಜೊತೆ ಬರುವ ಪುಟ್ಟ ಚೀಲ ದಪ್ಪ ಪುಡಿಯನ್ನೇನೋ ಹಿಡಿಯುತ್ತದೆ, ನುಣ್ಣನೆಯದರಲ್ಲಿ ಸುಮಾರು ಪಾಲು ಸೀದಾ ಮೂಗಿಗೆ. ಇದು ಬರೀ ಸೀನಿನ ವಿಷಯವಲ್ಲ. ಮರದ ಧೂಳಿನಿಂದ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ಸರಿ, ವ್ಯಾಕ್ಯೂಮ್ ಜೋಡಿಸೋಣ ಅಂದ್ರೆ ಒಂದೊಂದು ಕಂಪನಿಯ ಪೈಪಿನ ಬಾಯಿ ಒಂದೊಂದು ಅಳತೆ! ಕೊನೆಗೆ ಸೈಕಲ್ ಟ್ಯೂಬಿನ ತುಂಡು, ಟೇಪು ಸುತ್ತಿ ಹೊಂದಿಸಬೇಕು. ಎಲ್ಲರೂ ಒಂದೇ ಅಳತೆ ಇಟ್ಟರೆ ಅರ್ಧ ತಲೆನೋವು ಹೋಗುತ್ತದೆ. ಸ್ಯಾಂಡ್ ಪೇಪರ್ ಅಂಟಿಸುವ ಪ್ಯಾಡಿನಲ್ಲಿ ಧೂಳು ಹೀರಲು ಇರುವ ತೂತುಗಳದ್ದೂ ಇದೇ ಕಥೆ: ಅದೇ 5 ಇಂಚಿನ ಪ್ಯಾಡಿಗೆ ಒಬ್ಬರದು 5 ತೂತು, ಇನ್ನೊಬ್ಬರದು 8.

ಆಮೇಲೆ ನಡುಕ. ದಿನವಿಡೀ ಹಿಡಿದರೆ ಬೆರಳು ಜೋಮು ಹಿಡಿಯುತ್ತದೆ. ತೂಕದ ಸಮತೋಲ ಇನ್ನೂ ಚೆನ್ನಾಗಿರಬೇಕು.

ನನ್ನ ದೊಡ್ಡ ಆಸೆ ಬೇರೆ. ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್ (ಪ್ಯಾಡ್ ತಿರುಗುತ್ತಲೇ ಅಡ್ಡಾದಿಡ್ಡಿ ಓಲಾಡುವ ಬಗೆ) ಮರದಿಂದ ಎತ್ತಿದಾಗ ಪ್ಯಾಡ್ ಜೋರಾಗಿ ತಿರುಗದಂತೆ ತಡೆಯಲು ಹಲವು ಮಾದರಿಗಳಲ್ಲಿ ಒಂದು ರಬ್ಬರ್ ಬ್ರೇಕ್ ಇರುತ್ತದೆ. ಅದು ಸವೆದರೆ, ಮತ್ತೆ ಮರಕ್ಕೆ ತಾಗಿಸಿದ ತಕ್ಷಣ ಸುರುಳಿ ಗೀರು ಬೀಳುತ್ತದೆ. ಪಾಲಿಶ್ ಹಚ್ಚಿದ ಮೇಲೇ ಅದು ಕಣ್ಣಿಗೆ ಬೀಳೋದು, ಕರ್ಮ! ಆ ಬ್ರೇಕನ್ನೂ ವೆಲ್ಕ್ರೋ ಪ್ಯಾಡನ್ನೂ ಸುಲಭವಾಗಿ, ಅಗ್ಗಕ್ಕೆ ಬದಲಿಸುವಂತಿದ್ದರೆ ಸಾಕು.